ಬೆಳಗಿನ ಮೊದಲ ಗಂಟೆ: ವಾಕಿಂಗ್, ಯೋಗ, ಜಿಮ್, ಮನೆಯಂಗಳ – ನಿಮಗೆ ಯಾವುದು ಹೊಂದುತ್ತದೆ?

ದಾವಣಗೆರೆಯಲ್ಲಿ ಬೇಗ ಏಳುವವರಿಗೆ ಬರವಿಲ್ಲ. ಜನವರಿಯ ಚಳಿಯಲ್ಲೂ 5:30ಕ್ಕೆ ಕುಂದವಾಡ ಕೆರೆ ಕಡೆ ಹೋಗಿ ನೋಡಿ. ಮಂಕಿ ಕ್ಯಾಪ್ ಹಾಕಿದವರು, ಶಾಲು ಸುತ್ತಿಕೊಂಡವರು ಕತ್ತಲಲ್ಲೇ ಬಿರುಸಾಗಿ ನಡೆಯುತ್ತಿರುತ್ತಾರೆ. ಅವರಲ್ಲಿ ನನ್ನ ಪರಿಚಯದವರೇ ಎಷ್ಟೋ ಜನ. ಮಾತಿಗೆ ಸಿಕ್ಕಾಗ ಹೇಳುವುದು ಮಾತ್ರ ಒಂದೇ: "ದಿನಾ ಬೇಗ ಏಳ್ತೀನ್ರೀ, ಆದ್ರೂ ಹನ್ನೊಂದು ಗಂಟೆಗೆಲ್ಲಾ ಮೈ ಜಡ ಆಗಿಬಿಡ್ತೈತಿ."

ನನಗೂ ಹಾಗೇ ಆಗುತ್ತಿತ್ತು. ನಾನು ಲೆಕ್ಕ ಬರೆಯುವ ಕೆಲಸದವಳು. ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಕಂಪ್ಯೂಟರ್ ಮುಂದೆ ಕೂತಿರುತ್ತೇನೆ. ಮನೆಯಲ್ಲಿ ಶಾಲೆಗೆ ಹೋಗುವ ಮಗ, 70 ದಾಟಿದ ಅತ್ತೆ. ಎರಡು ವರ್ಷಗಳಲ್ಲಿ ಒಂದೊಂದನ್ನೇ ಮಾಡಿ ನೋಡಿದೆ. ನಸುಕಿನಲ್ಲಿ ಏಳುವುದು, ಜಿಮ್, ಸೂರ್ಯನಮಸ್ಕಾರ, ಕೆರೆಯ ಸುತ್ತ ನಡಿಗೆ, ಎಲ್ಲವೂ ಆಯಿತು. ಯಾವುದೂ ಕೆಟ್ಟದ್ದಲ್ಲ. ಆದರೆ ಒಬ್ಬರಿಗೆ ಹೊಂದಿದ್ದು ಇನ್ನೊಬ್ಬರ ಮನೆಗೆ ಹೊಂದುವುದಿಲ್ಲ. ನಾನು ಈಗ ಮೂರು ಪ್ರಶ್ನೆ ಹಾಕಿ ನೋಡುತ್ತೇನೆ. ಇದು ನನ್ನನ್ನು ಆಕಾಶದ ಕೆಳಗೆ ಕರೆದುಕೊಂಡು ಹೋಗುತ್ತದೆಯೇ? ಮನೆಯ ಗಡಿಬಿಡಿಯ ನಡುವೆ ಇದಕ್ಕೆ ಜಾಗ ಇದೆಯೇ? ಹತ್ತನೇ ವಾರದಲ್ಲೂ ಇದನ್ನು ಮಾಡುತ್ತಿರುತ್ತೇನೆಯೇ? ಈ ಮೂರರಲ್ಲಿ ಮೊದಲನೆಯದೇ ನನಗೆ ದೊಡ್ಡದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಷ್ಟು ಗಂಟೆಗೆ ಏಳಬೇಕು?

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಅಂತ ಎಲ್ಲರೂ ಹೇಳುತ್ತಾರೆ. ಅದನ್ನು 4:30 ಅಂತ ಗಡಿಯಾರಕ್ಕೆ ಕಟ್ಟಿಹಾಕಿದ್ದೇವೆ. ಆದರೆ ಆ ಲೆಕ್ಕ ಇರುವುದು ಸೂರ್ಯನ ಮೇಲೆ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಅದು ಶುರುವಾಗುತ್ತದೆ, 48 ನಿಮಿಷ ಇರುತ್ತದೆ. ನಮ್ಮೂರಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಹುಟ್ಟುವುದು ಸುಮಾರು 6ಕ್ಕೆ. ಜನವರಿಯಲ್ಲಿ 6:50 ದಾಟುತ್ತದೆ. ಅಂದರೆ ಜನವರಿಯಲ್ಲಿ ಬ್ರಾಹ್ಮೀ ಮುಹೂರ್ತ ಶುರುವಾಗುವುದೇ 5:15ರ ಆಸುಪಾಸು. ಹಿರಿಯರು ಬೆಳಕನ್ನು ನೋಡಿ ಎದ್ದರು, ನಾವು ಅಲಾರಂ ನೋಡಿ ಏಳುತ್ತಿದ್ದೇವೆ.

ಹೋದ ವರ್ಷ ಯುಗಾದಿಯಿಂದ ಒಂದು ತಿಂಗಳು ನಾನು 4:30ಕ್ಕೆ ಎದ್ದೆ. ಮೊದಲ ವಾರ ಬಹಳ ಖುಷಿಯಾಯಿತು. ಮನೆ ನಿಶ್ಶಬ್ದ, ಒಂದು ಲೋಟ ನೀರು, ಒಂದು ಪುಸ್ತಕ. ಆದರೆ ರಾತ್ರಿ ಮಲಗುವ ಹೊತ್ತು ಬದಲಾಗಲಿಲ್ಲ. ಮಗನ ಹೋಂವರ್ಕ್, ಪಾತ್ರೆ, ನಾಳೆಯ ತಯಾರಿ ಎಲ್ಲ ಮುಗಿಯುವಾಗ 11 ಆಗುತ್ತಿತ್ತು. ಸಿಕ್ಕಿದ್ದು ಐದೂವರೆ ಗಂಟೆ ನಿದ್ದೆ. ಮೂರನೇ ವಾರ ಆಫೀಸಿನಲ್ಲಿ ಒಂದೇ ಬಿಲ್ಲನ್ನು ಎರಡು ಸಲ ಎಂಟ್ರಿ ಮಾಡಿದ್ದೆ. ಸಂಜೆ ಮಗನ ಮೇಲೆ ಸುಮ್ನೆ ರೇಗುತ್ತಿದ್ದೆ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅದನ್ನು ಕಡಿದು ಕಟ್ಟಿದ ಬೆಳಗು ನಿಲ್ಲುವುದಿಲ್ಲ.

ಹಾಗಾಗಿ ಇಲ್ಲಿ ನನ್ನ ತೀರ್ಮಾನ ಸ್ಪಷ್ಟ. ರಾತ್ರಿ 9:30ಕ್ಕೆ ಮಲಗುವವರಾದರೆ 4:30 ಒಳ್ಳೆಯದೇ. 10:30ಕ್ಕೆ ಮಲಗುವವರಿಗೆ 5:45 ಸಾಕು. 11 ದಾಟುವವರು 6:15ಕ್ಕೆ ಏಳಿ, ಅಪರಾಧ ಮಾಡಿದ ಹಾಗೆ ನೋಡಬೇಡಿ. ಮುಖ್ಯವಾದದ್ದು ಏನೆಂದರೆ ಭಾನುವಾರವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಏಳುವುದು. ವಾರವೆಲ್ಲ 5:30, ಭಾನುವಾರ 9 ಅಂತಾದರೆ ಸೋಮವಾರ ದೇಹಕ್ಕೆ ಬೇರೆ ಊರಿಗೆ ಬಂದ ಹಾಗೆ ಆಗುತ್ತದೆ. ಎದ್ದ ಮೇಲೆ ಮೊದಲ 15ರಿಂದ 30 ನಿಮಿಷ ಮಂಪರು ಇರುವುದು ಎಲ್ಲರಿಗೂ ಸಹಜ. ಆ ಮಂಪರಿನಲ್ಲಿ "ನನಗೆ ಇದೆಲ್ಲ ಆಗಲ್ಲ" ಅಂತ ತೀರ್ಮಾನ ಮಾಡಬೇಡಿ.

ವಾಕಿಂಗ್: ಹೊತ್ತು ಸರಿ ಇದ್ದರೆ ಇದೇ ಮೊದಲು

ಈಗ ಆಕಾಶದ ಮಾತಿಗೆ ಬರುತ್ತೇನೆ. ನಮ್ಮ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಅಳೆಯುವ ವಿಶೇಷ ಕೋಶಗಳಿವೆ. ನೋಡುವುದಕ್ಕಿಂತ ಹೆಚ್ಚಾಗಿ, ಈಗ ಹಗಲೋ ರಾತ್ರಿಯೋ ಅಂತ ಮಿದುಳಿಗೆ ತಿಳಿಸುವುದು ಅವುಗಳ ಕೆಲಸ. ಬೆಳಗಿನ ಬೆಳಕು ಬಿದ್ದರೆ ನಿದ್ದೆಯ ಹಾರ್ಮೋನು ಮೆಲಟೋನಿನ್ ಇಳಿಯುತ್ತದೆ, ದೇಹದ ಗಡಿಯಾರ ಸರಿಯಾಗುತ್ತದೆ, ರಾತ್ರಿ ನಿದ್ದೆಯೂ ಹೊತ್ತಿಗೆ ಬರುತ್ತದೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಹೊರಗೆ ನಿಂತರೆ, ಮೋಡ ಇದ್ದರೂ ಕೆಲವು ಸಾವಿರ ಲಕ್ಸ್ ಸಿಗುತ್ತದೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ಗೊತ್ತೇ ಆಗುವುದಿಲ್ಲ.

ಈಗ ಕುಂದವಾಡದ ಆ 5:30ರ ಗೆಳೆಯರನ್ನು ನೆನಪಿಸಿಕೊಳ್ಳಿ. ಜನವರಿಯಲ್ಲಿ ಅವರು ಕತ್ತಲಲ್ಲಿ ಹೋಗಿ, ಕತ್ತಲಲ್ಲೇ ಮುಗಿಸಿ, 6:30ಕ್ಕೆ ಮನೆ ಸೇರಿ ಟ್ಯೂಬ್‌ಲೈಟ್ ಕೆಳಗೆ ಪೇಪರ್ ಓದುತ್ತಾರೆ. ನಡಿಗೆಯ ಲಾಭ ಪೂರ್ತಿ ಸಿಕ್ಕಿತು, ಬೆಳಕಿನ ಲಾಭ ಕೈತಪ್ಪಿತು. ಚಳಿಗಾಲದಲ್ಲಿ ಒಂದು ಗಂಟೆ ತಡವಾಗಿ ಹೊರಡಿ ಅನ್ನುವುದು ನನ್ನ ಸಲಹೆ. ಏಪ್ರಿಲ್, ಮೇ ತಿಂಗಳಲ್ಲಿ 7:30ಕ್ಕೇ ಬಿಸಿಲು ಚುರುಗುಟ್ಟುತ್ತದೆ, ಆಗ 6ಕ್ಕೆ ಹೊರಡುವುದು ಸರಿ. ಸೂರ್ಯನನ್ನು ನೇರವಾಗಿ ನೋಡಬೇಕಿಲ್ಲ, ನೋಡಲೂಬಾರದು. ಬಯಲಲ್ಲಿ ಇದ್ದರೆ ಸಾಕು.

ನಾನು ಈಗ ವಾರದಲ್ಲಿ ನಾಲ್ಕು ದಿನ ಕೆರೆಗೆ ಹೋಗುತ್ತೇನೆ. ಬೆಳಕು ಬರುವ ಹೊತ್ತಿಗೆ ನೀರಿನ ಮೇಲೆ ತೆಳ್ಳಗೆ ಹೊಗೆಯ ಹಾಗೆ ಮಂಜು ಇರುತ್ತದೆ. ನೀರುಕಾಗೆ ಮುಳುಗಿ ಇನ್ನೆಲ್ಲೋ ಏಳುತ್ತದೆ, ಎಲ್ಲಿ ಏಳುತ್ತದೆ ಅಂತ ಕಣ್ಣು ಹುಡುಕುತ್ತದೆ. ಬೆಳ್ಳಕ್ಕಿ ಒಂದು ಕಾಲಲ್ಲಿ ನಿಂತಿರುತ್ತದೆ. ದಂಡೆಯ ಮೇಲೆ ಮುಖಕ್ಕೆ ತಣ್ಣನೆ ಗಾಳಿ. ಆ ಹುಡುಕಾಟದಲ್ಲಿ ಆಫೀಸಿನ ಚಿಂತೆ ತಾನಾಗಿ ಹಿಂದೆ ಸರಿಯುತ್ತದೆ. ಇಯರ್‌ಫೋನ್ ಹಾಕಿಕೊಂಡು ನಡೆದ ದಿನಗಳಲ್ಲಿ ನನಗೆ ಇದು ಸಿಕ್ಕಿಲ್ಲ. ಟಿವಿ ಸ್ಟೇಷನ್ ಕೆರೆ ಹತ್ತಿರದವರಿಗೆ ಅದೇ ಸಾಕು. ಚಿತ್ರದುರ್ಗದವರಿಗಂತೂ ಚಂದ್ರವಳ್ಳಿ ಕೆರೆಯ ಕಡೆಯ ದಾರಿ ಇದೆ, ಕಲ್ಲುಗುಡ್ಡಗಳ ನಡುವೆ ನಡೆಯುವ ಭಾಗ್ಯ ಎಲ್ಲ ಊರಿಗೂ ಇರುವುದಿಲ್ಲ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150 ನಿಮಿಷ. ದಿನಕ್ಕೆ 30 ನಿಮಿಷದಂತೆ 5 ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಇನ್ನೊಂದು ಮಾತು. ಎಳೆಬಿಸಿಲಲ್ಲಿ ವಿಟಮಿನ್ ಡಿ ಸಿಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದಕ್ಕೆ ಬೇಕಾದ ಕಿರಣಗಳು ಬೆಳಗಿನ ಬಿಸಿಲಲ್ಲಿ ತೀರಾ ಕಡಿಮೆ. ಡಿ ಕೊರತೆ ಇದ್ದರೆ ವಾಕಿಂಗ್ ನಂಬಿ ಕೂರಬೇಡಿ, ಡಾಕ್ಟರನ್ನು ಕೇಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಿರುಸಾಗಿ ನಡೆದರೆ ಸಕ್ಕರೆ ಕುಸಿಯಬಹುದು. ಜೇಬಿನಲ್ಲಿ ಸ್ವಲ್ಪ ಸಕ್ಕರೆಯೋ ಗ್ಲೂಕೋಸೋ ಇರಲಿ, ಏನು ತಿಂದು ಹೊರಡಬೇಕು ಅಂತ ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಂಡಿರಿ.

ಯೋಗವೋ, ಜಿಮ್ಮೋ?

ವಾಕಿಂಗ್‌ನಲ್ಲಿ ಒಂದು ಕೊರತೆ ಇದೆ. ತೋಳು, ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಕೆಲಸ ಕಡಿಮೆ. ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು ಅಂತ ಅದೇ ಸಂಸ್ಥೆ ಹೇಳುತ್ತದೆ. 40 ದಾಟಿದ ಹೆಂಗಸರು ಇದನ್ನು ಪೂರ್ತಿ ಮರೆತಿರುತ್ತೇವೆ. ಮಂಡಿ ನೋವು ಬಂದ ಮೇಲೆ ನೆನಪಾಗುತ್ತದೆ.

ಸೂರ್ಯನಮಸ್ಕಾರದಲ್ಲಿ 12 ಭಂಗಿಗಳಿವೆ. ಬಗ್ಗುವುದು, ಚಾಚುವುದು, ಕೈಮೇಲೆ ಮೈಭಾರ ಹೊರುವುದು ಎಲ್ಲ ಒಂದರಲ್ಲೇ ಬರುತ್ತದೆ. ನಿಧಾನವಾಗಿ 6 ಸುತ್ತು ಹಾಕಿದರೂ ಬೆವರು ಬರುತ್ತದೆ. ಇದನ್ನು ಟೆರೇಸ್ ಮೇಲೆ ಪೂರ್ವಕ್ಕೆ ತಿರುಗಿ ಮಾಡಿದರೆ ಬೆಳಕೂ ಸಿಕ್ಕಿತು, ವ್ಯಾಯಾಮವೂ ಆಯಿತು. ಹೊರಗೆ ಹೋಗಲು ಆಗದವರಿಗೆ, ಚಿಕ್ಕ ಮಕ್ಕಳಿರುವ ತಾಯಂದಿರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಕೊನೆಗೆ 5 ನಿಮಿಷ ಕೂತು, ಉಸಿರು ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತಾ ಹೋಗಿ. ಎದೆಬಡಿತ ಇಳಿಯುವುದು ನಿಮಗೇ ತಿಳಿಯುತ್ತದೆ. ಬೆಳಗ್ಗೆ ಎದ್ದ ತಕ್ಷಣ ಆತಂಕ ಆಗುವವರಿಗೆ ವಾಕಿಂಗ್‌ಗಿಂತ ಇದು ಬೇಗ ಹಿಡಿತ ಕೊಡುತ್ತದೆ. ಬಿಪಿ ಜಾಸ್ತಿ ಇರುವವರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು ಮಾತ್ರ ವಿಡಿಯೋ ನೋಡಿ ಶುರು ಮಾಡಬೇಡಿ. ಗೊತ್ತಿರುವವರ ಮುಂದೆ ನಿಂತು ಕಲಿಯಿರಿ.

ನಮ್ಮ ಸೀಮೆಗೆ ಯೋಗ ಹೊಸದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಅನಾಥ ಸೇವಾಶ್ರಮ ಕಟ್ಟಿ, ಊರೂರಿಗೆ ಯೋಗ ಕಲಿಸಿದವರು. ನೂರು ವರ್ಷ ದಾಟಿ ಬದುಕಿ 1996ರಲ್ಲಿ ತೀರಿಕೊಂಡರು. ಜೂನ್ 21 ಯೋಗ ದಿನ ಆದದ್ದು 2015ರಿಂದ. ನಮ್ಮ ಹಳ್ಳಿಗಳಲ್ಲಿ ಚಾಪೆ ಹಾಸಿದ್ದು ಅದಕ್ಕೂ ಎಷ್ಟೋ ಮೊದಲು.

ಜಿಮ್ ನನಗೆ ಹೊಂದಲಿಲ್ಲ. ಮೂರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದೆ, ಐದು ವಾರ ಹೋದೆ. ಮಗನ ಸ್ಕೂಲ್ ಬಸ್ 7:40ಕ್ಕೆ. ಹೋಗಿ ಬರುವುದು, ಬಟ್ಟೆ ಬದಲಿಸುವುದು ಸೇರಿ ಒಂದೂವರೆ ಗಂಟೆ ಹೋಗುತ್ತಿತ್ತು. ತಿಂಡಿಯ ಭಾರ ಅತ್ತೆಯ ಮೇಲೆ ಬೀಳುತ್ತಿತ್ತು, ಅದು ನನಗೆ ಸರಿ ಕಾಣಲಿಲ್ಲ. ಆದರೆ 20–30ರ ಹುಡುಗರಿಗೆ, ಹಾಸ್ಟೆಲಿನಲ್ಲಿರುವವರಿಗೆ, ಒಬ್ಬರೇ ಮಾಡಿದರೆ ಬೇಸರ ಅನ್ನುವವರಿಗೆ ಜಿಮ್ ಒಳ್ಳೆಯ ಆಯ್ಕೆ. ಜೊತೆಗೆ ನಾಲ್ಕು ಜನ ಇದ್ದರೆ ಹೋಗುವ ಮನಸ್ಸು ಬರುತ್ತದೆ. ಕಟ್ಟುವುದಾದರೆ ಒಂದೇ ತಿಂಗಳಿಗೆ ಕಟ್ಟಿ. ಹೋಗುವಾಗಲೋ ಬರುವಾಗಲೋ ನಡೆದೇ ಬನ್ನಿ, ಬೆಳಕು ಅಲ್ಲಿ ಸಿಗುತ್ತದೆ.

ದುಡ್ಡು ಬೇಡ ಅನ್ನುವವರಿಗೆ ನಮ್ಮ ಗರಡಿ ಮನೆಯ ಬಸ್ಕಿ, ದಂಡ ಇದ್ದೇ ಇದೆ. ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನೋಡಿದವರಿಗೆ ಅದರ ತಾಕತ್ತು ಗೊತ್ತು. ನಾನು ಈಗ ವಾರಕ್ಕೆ ಮೂರು ದಿನ ಅಡುಗೆಮನೆ ಕಟ್ಟೆ ಹಿಡಿದುಕೊಂಡು 15 ಬಸ್ಕಿ ಹೊಡೆಯುತ್ತೇನೆ. ಹಾಲು ಕಾಯುವಷ್ಟು ಹೊತ್ತು ಸಾಕು.

ಅಂಗಳದ ಕೆಲಸವನ್ನೂ ಲೆಕ್ಕಕ್ಕೆ ತನ್ನಿ

ಬೆಳಗಿನ ಅಭ್ಯಾಸದ ಬಗ್ಗೆ ಬರೆಯುವವರು ಯಾರೂ ಇದನ್ನು ಹೇಳುವುದಿಲ್ಲ, ಅದು ನನಗೆ ಬೇಸರ. ನಮ್ಮ ಅತ್ತೆಯವರು ಬೆಳಕು ಹರಿಯುವ ಹೊತ್ತಿಗೆ ಬಾಗಿಲು ತೆಗೆದು ಅಂಗಳ ಗುಡಿಸಿ ನೀರು ಹಾಕುತ್ತಾರೆ. ಆಮೇಲೆ ರಂಗೋಲಿ. ದಿನಾ 7 ಚುಕ್ಕಿಯದು. ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಜಾರುತ್ತದೆ, ಒದ್ದೆ ನೆಲದ ಮೇಲೆ ಚುಕ್ಕಿ ಮೂಡುತ್ತದೆ, ಕೈ ಒಂದು ಸಲವೂ ನಿಲ್ಲುವುದಿಲ್ಲ. ಎರಡು ನಿಮಿಷ ಅವರ ಮುಖದಲ್ಲಿ ಬೇರೆ ಯಾವ ಯೋಚನೆಯೂ ಇರುವುದಿಲ್ಲ. ಕೂತು ಏಳುತ್ತಾರೆ, ಬಗ್ಗುತ್ತಾರೆ, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಾರೆ. ಬೆಳಕು, ವ್ಯಾಯಾಮ, ಏಕಾಗ್ರತೆ, ನಾಲ್ಕು ಮಾತು. ಎಲ್ಲ ಆ ಹೊಸ್ತಿಲಲ್ಲೇ ಸಿಗುತ್ತದೆ.

ಹಾಗಂತ ಮನೆಕೆಲಸವೇ ವ್ಯಾಯಾಮ ಅಂದುಕೊಂಡು ಕೂರುವುದು ಸರಿಯಲ್ಲ. ಅವಸರದಲ್ಲಿ, ಒಳಗೇ, ಎಲ್ಲರಿಗಾಗಿ ಓಡಾಡುವ ಕೆಲಸದಿಂದ ಮೈ ದಣಿಯುತ್ತದೆ, ಮನಸ್ಸು ಏಳುವುದಿಲ್ಲ. ಅದರಲ್ಲಿ ಒಂದು ಕೆಲಸವನ್ನು ಆರಿಸಿ ಹೊರಗೆ, ನಿಧಾನವಾಗಿ, ನಿಮಗಾಗಿ ಮಾಡಿ. ಗಿಡಕ್ಕೆ ನೀರು ಹಾಕುವುದಾದರೂ ಸರಿ, ಸೊಪ್ಪು ತರಲು ಮೂಲೆಯವರೆಗೆ ನಡೆದು ಹೋಗುವುದಾದರೂ ಸರಿ. ಮನೆಯ ಗಂಡಸರಿಗೂ ಇದೇ ಮಾತು. ಹೆಂಡತಿಗೆ ಬೆಳಗ್ಗೆ 30 ನಿಮಿಷ ಬಿಡುವು ಸಿಗಬೇಕಾದರೆ ಹಾಲು, ಟಿಫಿನ್ ಬಾಕ್ಸು, ಮಗುವಿನ ಸಾಕ್ಸು ಇವುಗಳಲ್ಲಿ ಒಂದನ್ನಾದರೂ ನೀವು ವಹಿಸಿಕೊಳ್ಳಲೇಬೇಕು.

ಟೀ, ಕಾಫಿ, ತಿಂಡಿ

ಎದ್ದ ತಕ್ಷಣ ಒಂದೆರಡು ಲೋಟ ನೀರು. ಬಿಸಿಯೋ ತಣ್ಣಗೋ, ನಿಂಬೆ ಜೇನು ಬೇಕೋ ಬೇಡವೋ, ಅದಕ್ಕೆಲ್ಲ ತಲೆಕೆಡಿಸಿಕೊಳ್ಳಬೇಡಿ.

ಟೀ ಕಾಫಿ ಬಿಡಬೇಕಿಲ್ಲ. ಹೊತ್ತು ನೋಡಿಕೊಳ್ಳಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಊಟ ತಿಂಡಿಗೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಟೀ ಕಾಫಿ ಬೇಡ ಅಂತ ಇದೆ. ಅದರಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರಲು ಬಿಡುವುದಿಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಅಂತ ಎಲ್ಲರಿಗೂ ಗೊತ್ತು. ಉಪ್ಪಿಟ್ಟಿನ ಜೊತೆ ಟೀ ಕುಡಿಯುವ ರೂಢಿ ಅದಕ್ಕೆ ಇನ್ನಷ್ಟು ಕೂಡಿಸುತ್ತದೆ. ಇನ್ನು ಕೆಫೀನು ಕುಡಿದು 5 ಗಂಟೆ ಆದರೂ ಹೆಚ್ಚುಕಡಿಮೆ ಅರ್ಧ ಮೈಯಲ್ಲೇ ಇರುತ್ತದೆ. ಸಂಜೆ 6ರ ಸ್ಟ್ರಾಂಗ್ ಟೀ ರಾತ್ರಿ 11ಕ್ಕೂ ಕೆಲಸ ಮಾಡುತ್ತಿರುತ್ತದೆ. ನಾಳೆ ಬೆಳಗ್ಗೆ ಏಳಲಾಗದ್ದಕ್ಕೆ ಕಾರಣ ಅಲ್ಲಿ ಇರಬಹುದು.

ತಿಂಡಿಗೆ ಬಂದರೆ ಬೆಣ್ಣೆ ದೋಸೆಯ ಮಾತು ಆಡಲೇಬೇಕು, ಅಲ್ವಾ? ಕಾವಲಿಯ ಮೇಲೆ ಹಿಟ್ಟು ಬಿದ್ದು, ಬೆಣ್ಣೆ ಮುದ್ದೆ ಕರಗಿ ಅಂಚಿನವರೆಗೆ ಹರಿದು, ನೊರೆನೊರೆಯಾಗಿ ಕೆಂಪಾಗುವುದನ್ನು ನೋಡುತ್ತಾ ನಿಲ್ಲುವುದೇ ಒಂದು ಖುಷಿ. ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಮನಸ್ಸು ಏಳುವುದರಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ಅಕ್ಕಿ, ಆಲೂಗಡ್ಡೆ, ಬೆಣ್ಣೆ ಒಟ್ಟಿಗೆ ಸೇರಿದಾಗ 11 ಗಂಟೆಗೆ ಕಣ್ಣು ಎಳೆಯುವುದೂ ನಿಜ. ಕೂತು ಕೆಲಸ ಮಾಡುವವರು ಭಾನುವಾರ ಕೆರೆ ಸುತ್ತಿ ಬಂದ ಮೇಲೆ ತಿನ್ನಿ, ಮನೆಯವರೆಲ್ಲ ಒಟ್ಟಿಗೆ ಹೋಗಿ ತಿನ್ನಿ.

ವಾರದ ದಿನಗಳಿಗೆ ಒಗ್ಗರಣೆ ಮಂಡಕ್ಕಿ ಹಗುರ, ಬೇಗ ಆಗುತ್ತದೆ. ಆದರೆ ಬರೀ ಮಂಡಕ್ಕಿ ಬೇಗ ಅರಗಿ ಮತ್ತೆ ಹಸಿವಾಗುತ್ತದೆ. ಶೇಂಗಾ, ಹುರಿಗಡಲೆ ಪುಡಿ ಕೈತುಂಬ ಹಾಕಿ. ಪಕ್ಕಕ್ಕೆ ಮೊಳಕೆ ಹೆಸರುಕಾಳು ಅಥವಾ ಮೊಟ್ಟೆ. ಮಿರ್ಚಿ ಸಂಜೆಗಿರಲಿ. ರಾತ್ರಿಯ ಜೋಳದ ರೊಟ್ಟಿ ಉಳಿದಿದ್ದರೆ ಮೊಸರು, ಶೇಂಗಾ ಚಟ್ನಿ ಜೊತೆ ತಿನ್ನಿ. ಮಧ್ಯಾಹ್ನದವರೆಗೆ ಎಳೆದುಕೊಂಡು ಹೋಗುವ ತಿಂಡಿ ಅದು. ನನ್ನ ಅನುಭವದಲ್ಲಿ ಉಪ್ಪಿಟ್ಟಿಗಿಂತ ಮೇಲು.

ಸ್ನಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಣ್ಣೀರು ಥಟ್ಟನೆ ಎಚ್ಚರ ಕೊಡುತ್ತದೆ, ನಮ್ಮ ಬೇಸಿಗೆಗೆ ಸುಖವೂ ಹೌದು. ಹೃದಯದ ತೊಂದರೆ, ಬಿಪಿ ಇರುವವರಿಗೆ ಬೆಚ್ಚಗಿನ ನೀರೇ ಸರಿ. ಮೊಬೈಲಿನದೂ ಅಷ್ಟೆ. ಹೊರಗೆ ಹೋಗಿ ಬರುವವರೆಗೆ ವಾಟ್ಸಾಪ್ ತೆರೆಯಬೇಡಿ. ಇದೊಂದನ್ನು ಪಾಲಿಸಿದರೆ ಮೊದಲ ಗಂಟೆ ನಿಮ್ಮದಾಗಿ ಉಳಿಯುತ್ತದೆ.

ಅಭ್ಯಾಸ ಬದಲಿಸಿದರೂ ಹೋಗದ ಸುಸ್ತು

ಚೆನ್ನಾಗಿ ನಿದ್ದೆ ಮಾಡಿ, ಆರು ವಾರ ನಡೆದರೂ ಸುಸ್ತು ಹಾಗೇ ಇದ್ದರೆ ನಿಮ್ಮನ್ನು ನೀವು ಸೋಮಾರಿ ಅಂತ ಬೈದುಕೊಳ್ಳಬೇಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಒಮ್ಮೆ ನೋಡಿಸಿ. ಜೋರಾಗಿ ಗೊರಕೆ ಹೊಡೆದು, ಎದ್ದ ಮೇಲೂ ತಲೆ ಭಾರ ಇರುವವರು ಅದನ್ನೂ ಡಾಕ್ಟರಿಗೆ ಹೇಳಿ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸಕ್ತಿ ಇಲ್ಲದೆ, ಬೆಳಗಾಗುವುದೇ ಬೇಡ ಅನ್ನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಎಲ್ಲ ಲೆಕ್ಕವೂ ತಪ್ಪುವ ದಿನ ಒಂದಿದೆ, ನಲ್ಲಿ ನೀರು ಬಿಡುವ ದಿನ. ಅವತ್ತು ಕೆರೆಯೂ ಇಲ್ಲ, ಬಸ್ಕಿಯೂ ಇಲ್ಲ. ಡ್ರಮ್ಮು, ಕೊಡ, ಬಕೆಟ್ ತುಂಬಿಸಿ, ಮೋಟಾರ್ ಹಾಕಿ ಟೆರೇಸ್ ಹತ್ತುತ್ತೇನೆ. ಟ್ಯಾಂಕ್ ತುಂಬಲು 10 ನಿಮಿಷ ಬೇಕು. ಪೂರ್ವದ ಕಡೆ ಮುಖ ಮಾಡಿ ನಿಲ್ಲುತ್ತೇನೆ, ಕೈ ಮೇಲೆತ್ತಿ ನಾಲ್ಕು ಸಲ ಮೈ ಚಾಚುತ್ತೇನೆ. ಕೆಳಗೆ ಅತ್ತೆಯ ರಂಗೋಲಿ ಅರ್ಧ ಆಗಿರುತ್ತದೆ. ಟ್ಯಾಂಕ್ ತುಂಬಿ ಚೆಲ್ಲುವ ಸದ್ದು ಬಂದಾಗ ಇಳಿದು ಬಂದು ಮೋಟಾರ್ ಆಫ್ ಮಾಡಿ ಹಾಲು ಕಾಯಿಸಲು ಇಡುತ್ತೇನೆ.